ಹಳೇ ಬಸರಿಗಟ್ಟಿ ಕ್ಷೇತ್ರದ ಕಡೇ ಚುನಾವಣೆ

ರೋಣದಿಂದ ಹೋಗಿ ಬರಲಿಕ್ಕೆ ಟಂಟಂ ಬಾಡಿಗೆ ಎಂಟುನೂರು ರೂಪಾಯಿ. ಶಾಮಿಯಾನಾಕ್ಕೆ ಒಂದು ಸಾವಿರ. ಪ್ಲಾಸ್ಟಿಕ್ ಕುರ್ಚಿ ಒಂದಕ್ಕೆ ಎಂಟು ರೂಪಾಯಿಯಂತೆ ಐವತ್ತು ಕುರ್ಚಿಗೆ ನಾಲ್ಕುನೂರು. ಮೈಕಿನವನು ಏಳುನೂರು ಕೇಳಿ ಆರುನೂರಕ್ಕೆ ಒಪ್ಪಿದ. ಚಾ, ಮಂಡಕ್ಕಿ, ಮಿರ್ಚಿ ಸೇರಿ ಐದುನೂರು. ಅದರಲ್ಲಿ ಮಿರ್ಚಿಯನ್ನು ಮೈಕಿನವನೇ ಹೆಚ್ಚು ತಿಂದ. ಒಟ್ಟು ಮೂರು ಸಾವಿರದ ಮುನ್ನೂರು. ಇಷ್ಟು ಖರ್ಚು ಮಾಡಿ ಬಸರಿಗಟ್ಟಿಯ ಮಹಿಳಾ ಹಾಲು ಸಂಘದವರು ಮಲಪ್ರಭಾ ದಂಡೆಯ ಮೇಲೆ ಚುನಾವಣಾ ಸಭೆ ಕರೆದಿದ್ದರು. ಆ ಸಭೆಗೆ ಬರಬೇಕಾಗಿದ್ದ ಮತದಾರರು ಒಬ್ಬರೇ. ಆಕೆ ಬೀಬಿಜಾನ. ಆಕೆಯ ಮನೆಯ ಕಟ್ಟೆಯ ಮೇಲೆ ಕುಳಿತು ಕೂಗಿದರೂ ಸಾಕಾಗಿತ್ತು, ಮೈಕು ಬೇಕಾಗಿರಲಿಲ್ಲ.

ಇಂಥಾ ಚುನಾವಣೆ ಯಾಕೆ ಬಂತು ಅಂದರೆ ಹೊಳೆಯಿಂದಲೇ ಶುರು ಮಾಡಬೇಕು. ಮೆಣಸಗಿ ಆಚೆಗಿನ ಬಸರಿಗಟ್ಟಿ ಮೊದಲು ಹೊಳೆಯ ದಂಡೆಗೇ ಇತ್ತು. ದೊಡ್ಡ ಮಹಾಪೂರ ಬಂದ ವರ್ಷ ಸರಕಾರ ಎರಿಹೊಲದ ದಿಬ್ಬದ ಮೇಲೆ ಹೊಸ ಊರು ಕಟ್ಟಿಸಿ, ಮೇಲಿನ ಓಣಿ, ಕೆಳಗಿನ ಓಣಿ ಅಂತ ಎರಡು ಸಾಲು ಮನೆ ಕೊಟ್ಟಿತು. ಮರುವರ್ಷವೇ ಹೆಂಗಸರ ಹಾಲು ಸಂಘ ಹುಟ್ಟಿತು. ಆಗ ಹಠ ಹಿಡಿದು ಹಳೇ ಊರಲ್ಲೇ ಉಳಿದ ಹದಿನೆಂಟು ಮನೆಗಳಿದ್ದವು. ಹಾಗಾಗಿ ಸಂಘದ ನಿಯಮದಲ್ಲಿ ಹೀಗೆ ಬರೆದರು: ಮೇಲಿನ ಓಣಿ ಕ್ಷೇತ್ರಕ್ಕೆ ನಾಲ್ಕು ನಿರ್ದೇಶಕಿಯರು, ಕೆಳಗಿನ ಓಣಿಗೆ ನಾಲ್ಕು, ಹಳೇ ಬಸರಿಗಟ್ಟಿಗೆ ಒಂದು. ಯಾರು ಯಾವ ಕ್ಷೇತ್ರದಲ್ಲಿ ಹಾಲು ಅಳೆಯುತ್ತಾರೋ ಅವರ ಮತ ಆ ಕ್ಷೇತ್ರದ್ದು. ಆ ಕ್ಷೇತ್ರದಿಂದ ಒಬ್ಬ ನಿರ್ದೇಶಕಿ ಇರುವ ತನಕ ಹಾಲಿನ ಗಾಡಿ ಅಲ್ಲಿಗೆ ಬರಬೇಕು.

ಮೊದಲನೇ ಚುನಾವಣೆಯಲ್ಲಿ ಹಳೇ ಊರಿನಿಂದ ಲಾಲಬಿ ಗೆದ್ದಳು. ಹದಿನೆಂಟು ಮನೆಗೂ ತಲಾ ಒಂದು ಕೊಬ್ಬರಿ ಬಟ್ಟಲು ಹಂಚಿದ್ದಳು ಅಂತ ಸೋತವರು ಈಗಲೂ ಅನ್ನುತ್ತಾರೆ. ಎರಡನೇ ಚುನಾವಣೆಗೆ ಏಳೇ ಮನೆ. ಅದರಲ್ಲೂ ಲಾಲಬಿಯೇ. ಆಮೇಲೆ ಮತ್ತೊಮ್ಮೆ ಹೊಳೆ ಉಕ್ಕಿತು, ಲಾಲಬಿಯ ಮೊಣಕಾಲು ಕೈಕೊಟ್ಟಿತು, ಆಕೆಯೂ ಮೇಲಿನ ಓಣಿಗೆ ಏರಿದಳು. ಮೂರನೇ ಚುನಾವಣೆಗೆ ಉಳಿದದ್ದು ಬೀಬಿಜಾನ ಮತ್ತು ಬಾಜೂ ಮನೆಯ ಸಂಕವ್ವ. "ನೀ ಆಗ", "ಏ ಇಲ್ಲವಾ, ನೀನ ಆಗ" ಅಂತ ಇಬ್ಬರೂ ಒತ್ತಾಯ ಮಾಡಿ, ಬೀಬಿಜಾನ ಸಂಕವ್ವನಿಗೆ ಕೈ ಎತ್ತಿದಳು, ಸಂಕವ್ವ ಬೀಬಿಜಾನಳಿಗೆ ಎತ್ತಿದಳು. ಸರಿಸಮ ಆಯಿತು. ಚೀಟಿ ಎತ್ತಿದರೆ ಬೀಬಿಜಾನಳ ಹೆಸರು ಬಂತು. ಅಷ್ಟು ಒತ್ತಾಯ ಮಾಡಿದ್ದ ಸಂಕವ್ವ ಆವತ್ತೇ ಸಿಟ್ಟಾಗಿ ಗಂಟು ಕಟ್ಟಿ ಕೆಳಗಿನ ಓಣಿಗೆ ಹೋದಳು.

ಬೀಬಿಜಾನ ಹೋಗುವಂತಿರಲಿಲ್ಲ. ಆಕೆಯ ಗಂಡ ಗೌಸುಸಾಬನ ಇಟ್ಟಿಗೆ ಭಟ್ಟಿ ಹೊಳೆಯ ಮಣ್ಣಿನ ಮೇಲೆ ನಿಂತಿತ್ತು. ಮಗ ಉಮರ, ಸೊಸೆ ಜಬೀನ ಅದೇ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಆದರೆ ಇಟ್ಟಿಗೆ ಬೇಸಿಗೆಯ ಬೆಳೆ. ಮಳೆಗಾಲದಲ್ಲಿ ಒಲೆ ಉರಿಯುವುದು ಎಮ್ಮೆಗಳಿಂದಲೇ. ನಾಲ್ಕು ಎಮ್ಮೆ, ಮಧ್ಯಾಹ್ನವೆಲ್ಲ ಹೊಳೆಯಲ್ಲಿ ಮೂಗು ಮಾತ್ರ ಮೇಲೆ ಬಿಟ್ಟು ಮಲಗಿ, ಸಂಜೆಗೆ ಕೊಡ ತುಂಬ ಹಾಲು ಕೊಡುತ್ತಿದ್ದವು. ಬೇವಿನ ಮರದ ಕೆಳಗೆ ಸಂಘದ ತಕ್ಕಡಿ ಇತ್ತು. ಮುಂಜಾನೆ ಭೀಮೇಶ ಗಾಡಿ ತಂದು ಹಾಲು ಒಯ್ಯುತ್ತಿದ್ದ. ಆ ಗಾಡಿ ಬಾರದಿದ್ದರೆ ಎರಿಮಣ್ಣಿನ ಕೆಸರಲ್ಲಿ ಹಾಲು ಹೊತ್ತು ದಿಬ್ಬ ಏರಬೇಕು. ಮಳೆ ಹಿಡಿದರೆ ಆ ಕೆಸರು ಚಪ್ಪಲಿಯನ್ನಷ್ಟೇ ಅಲ್ಲ, ಮೋಟರ್ ಸೈಕಲ್ಲನ್ನೂ ಹಿಡಿದು ಇಟ್ಟುಕೊಳ್ಳುತ್ತದೆ. ಗಾಡಿ ನಿಂತರೆ ಎಮ್ಮೆ ಮಾರಬೇಕು, ಎಮ್ಮೆ ಮಾರಿದರೆ ಹೊಳೆ ಬಿಡಬೇಕು. ಬೀಬಿಜಾನಳಿಗೆ ಕುರ್ಚಿಯ ಹುಚ್ಚು ಇರಲಿಲ್ಲ. ಗಾಡಿ ಬರಬೇಕು, ಅಷ್ಟೇ.

ಈ ಸಲ ಚುನಾವಣೆ ಬಂದಾಗ ಮೇಲಿನ ಓಣಿಯ ಸರಸ್ವತಿಬಾಯಿಗೂ ಕೆಳಗಿನ ಓಣಿಯ ಶಾಂಭವಿಗೂ ಅಧ್ಯಕ್ಷಗಿರಿಯ ಆಸೆ ಹುಟ್ಟಿತು. ಸರಸ್ವತಿಬಾಯಿ ಅಂಗನವಾಡಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದಾಕೆ. ಊರಿನ ಅರ್ಧ ಮಂದಿಗೆ ಮೂಗು ಒರೆಸಿದ್ದೇ ಆಕೆ, ಆದ್ದರಿಂದ ಎಲ್ಲರಿಗೂ ಏಕವಚನ. ಶಾಂಭವಿ ನರಗುಂದದಿಂದ ಬಂದ ಸೊಸೆ. ಸ್ಕೂಟಿ ಓಡಿಸುತ್ತಿದ್ದಳು, ಮಾತೂ ಅದರಂತೆಯೇ ಓಡುತ್ತಿತ್ತು. ನಾಲ್ಕು ಕುರ್ಚಿ ಇವರದು, ನಾಲ್ಕು ಅವರದು. ಒಂಬತ್ತನೇ ಕುರ್ಚಿ ಬೀಬಿಜಾನಳ ಕೈಯಲ್ಲಿ.

ಮೊದಲು ಸರಸ್ವತಿಬಾಯಿ ಗಜೇಂದ್ರಗಡದ ಸೀರೆಯೊಂದನ್ನು ಹಿಡಿದು ಇಳಿದು ಬಂದಳು.

"ಬೀಬಿಜಾನಾ, ನೋಡು, ನಿನಗ ಒಪ್ಪೋ ಬಣ್ಣ ಅಂತ ತಂದೀನಿ. ಅಂಚು ನೋಡು, ಹ್ಯಾಂಗದ!"

"ಅಂಚು ಭಾಳ ಚಲೋ ಐತ್ರಿ ಬಾಯಾರ. ಗಾಡಿ ಕಾಯಂ ಬರತೈತಿ ಅಂತ ಒಂದ ಹಾಳಿ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ. ನನ್ನ ಕೈ ನಿಮ್ಮ ಕಡೆ ಏಳತೈತಿ."

"ಬರಿಯೋದ್ಯಾಕ? ನನ್ನ ಮಾತಿಲ್ಲೇನು?"

"ಮಾತು ಹೋದ ವರ್ಷದ ಸಭಾದಾಗೂ ಇತ್ತರಿ. ಒಂದ ಮನಿ ಹಾಲಿಗೆ ಡೀಸೆಲ್ ಯಾಕ ಸುಡಬೇಕು ಅಂತ ಕೇಳಿದ್ದು ನೀವ."

ಸರಸ್ವತಿಬಾಯಿ ಸೀರೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಮರುದಿನ ಶಾಂಭವಿ ಸ್ಕೂಟಿಯ ಮೇಲೆ ಡಬ್ಬಿ ತುಂಬ ಗೋದಿ ಬೆಲ್ಲದ ಮಾದಲಿ ತಂದಳು. ಬೀಬಿಜಾನ ಅದೇ ಮಾತು ಹೇಳಿದಳು. ಶಾಂಭವಿಯೂ ಬರೆದು ಕೊಡಲಿಲ್ಲ. ಆದರೆ ಮಾದಲಿಯ ಡಬ್ಬಿ ಅಲ್ಲೇ ಉಳಿಯಿತು, ಯಾಕೆಂದರೆ ಮಾತು ನಡೆದಿರುವಾಗಲೇ ಗೌಸುಸಾಬ ಅರ್ಧ ತಿಂದು ಮುಗಿಸಿದ್ದ.

"ಏನ್ರಿ, ಲಂಚ ತಿಂದ್ರಲ್ಲ!" ಅಂತ ಬೀಬಿಜಾನ ಬೈದಳು.

"ನನಗ ಮತ ಇಲ್ಲ, ಬೀಬಿ. ಮತ ಇಲ್ಲದಾವ ತಿಂದ್ರ ಅದು ಊಟ, ಲಂಚ ಅಲ್ಲ."

ಆ ವಾರವೇ ಚುನಾವಣಾ ಅಧಿಕಾರಿ ಬಂದಳು. ನಮ್ರತಾ ಅಂತ ಹೆಸರು, ಗಜೇಂದ್ರಗಡದ ಹುಡುಗಿ. ಧಾರವಾಡದಲ್ಲಿ ಇತಿಹಾಸ ಓದಿ ಈಗ ರೋಣದ ಆಫೀಸಿನಲ್ಲಿ ಸಹಕಾರ ಸಂಘಗಳ ಲೆಕ್ಕ ನೋಡುತ್ತಿದ್ದಳು. ಹಳೇ ಬಸರಿಗಟ್ಟಿಯ ಪಟ್ಟಿಯಲ್ಲಿ ಒಂದೇ ಹೆಸರು ನೋಡಿ ಆಕೆಗೆ ನಗು ಬಂತು. ನಗು ತಡೆಯಲು ಚಾ ಕುಡಿದಳು, ಚಾ ನೆತ್ತಿಗೇರಿತು. ಜಬೀನ ಬೆನ್ನು ತಟ್ಟಬೇಕಾಯಿತು.

"ತಪ್ಪು ತಿಳ್ಕೋಬ್ಯಾಡ್ರಿ ಅವ್ವಾರ," ಅಂದಳು ಸುಧಾರಿಸಿಕೊಂಡು. "ಇಂಥಾದ್ದ ಒಂದು ಕ್ಷೇತ್ರ ಸ್ಕಾಟ್ಲೆಂಡದಾಗ ಇತ್ತು. ಬ್ಯೂಟ್ ಅಂತ, ನಡುಗಡ್ಡಿ. ಎರಡು ನೂರು ವರ್ಷದ ಹಿಂದ ಅಲ್ಲಿ ಮತ ಇದ್ದವರು ಬೆರಳೆಣಿಕಿ ಮಂದಿ. ಒಂದ ಸಲ ಚುನಾವಣೆ ಸಭಾಕ್ಕ ಒಬ್ಬನ ಮತದಾರ ಬಂದನಂತ. ತಾನ ಸಭಾಧ್ಯಕ್ಷ ಆದ. ಹಾಜರಿ ಕರದ. ತನ್ನ ಹೆಸರಿಗೆ ತಾನ ಹಾಜರ್ ಅಂದ. ತನ್ನ ಹೆಸರು ತಾನ ಸೂಚಿಸಿದ, ತಾನ ಅನುಮೋದಿಸಿದ, ಮತಕ್ಕ ಹಾಕಿದ, ಅವಿರೋಧವಾಗಿ ಗೆದ್ದ!"

ಗೌಸುಸಾಬ ಇಟ್ಟಿಗೆ ಅಚ್ಚು ಕೆಳಗಿಟ್ಟು ಬಂದು ಕುಳಿತ. "ಹಂಗಾರ ಅವಗ ಚಾ ಯಾರು ಕೊಟ್ಟರ್ರಿ?"

"ಅದನ್ನ ಬರದಿಲ್ರಿ ಕಾಕಾ."

"ಆ ಊರು ಈಗ ಏನಾತು?" ಅಂತ ಬೀಬಿಜಾನ ಕೇಳಿದಳು. ಆಕೆಗೆ ನಗು ಬಂದಿರಲಿಲ್ಲ. ಕಥೆ ತನ್ನದೇ ಅನ್ನಿಸಿತ್ತು.

"ಊರು ಅದ. ಆದ್ರ ಆ ಕ್ಷೇತ್ರ ಹೋತು. ಬಾಜೂ ಸೀಮಿ ಜೊತಿ ಕೂಡಿಸಿಬಿಟ್ರು. ಅದಕ್ಕೂ ಮೊದಲು ಇನ್ನೊಂದು ಮಜಾ ಇತ್ತು. ಬ್ಯೂಟ್ ಮತ್ತ ಕೇತ್ನೆಸ್ ಅಂತ ಎರಡು ಸೀಮಿಗೆ ಕೂಡಿ ಒಂದ ಕುರ್ಚಿ. ಒಂದು ಪಾರ್ಲಿಮೆಂಟಿಗೆ ಇವರು ಆರಿಸಬೇಕು, ಮುಂದಿನದಕ್ಕ ಅವರು."

"ಪಾಳಿ," ಅಂದಳು ಬೀಬಿಜಾನ.

"ಹಾಂ, ಪಾಳೀನ. ಇನ್ನ ಕೇಳ್ರಿ, ಆ ದೇಶದ ದೊಡ್ಡ ಜಮೀನದಾರರು ಗೆಲ್ಲಲಿಕ್ಕೆ ಅಂತ ಕಾಗದದ ಮ್ಯಾಲೆ ಜಮೀನು ತೋರಿಸಿ ಸುಳ್ಳು ಮತದಾರರನ್ನ ಹುಟ್ಟಿಸ್ತಿದ್ರು..."

ಈ ಮಾತನ್ನು ನಮ್ರತಾ ಹೇಳಬಾರದಿತ್ತು. ಗಾಡಿಗೆ ಹಾಲು ಏರಿಸುತ್ತಿದ್ದ ಭೀಮೇಶ ಪೂರ್ತಿ ಕೇಳಿಸಿಕೊಂಡ. ಭೀಮೇಶನ ಕಿವಿಗೆ ಬಿದ್ದ ಮಾತು ಗಾಡಿಗಿಂತ ಮೊದಲೇ ದಿಬ್ಬ ಏರುತ್ತಿತ್ತು.

ಮೂರು ದಿನ ಕಳೆಯಲಿಲ್ಲ. ಮುಂಜಾನೆ ಬೇವಿನ ಮರದ ಕೆಳಗೆ ಜಬೀನ ತಕ್ಕಡಿ ಇಟ್ಟುಕೊಂಡು ಕುಳಿತಿದ್ದಾಗ ಮೇಲಿನ ಓಣಿಯ ಮೂವರು ಹೆಂಗಸರು ಕ್ಯಾನು ಹಿಡಿದು ಬಂದು ನಿಂತರು.

"ನಮ್ಮ ಹಾಲೂ ಅಳಿಯವ್ವಾ."

"ಇಲ್ಲಿಗ್ಯಾಕ ತಂದ್ರಿ? ನಿಮ್ಮ ಓಣ್ಯಾಗ ತಕ್ಕಡಿ ಇಲ್ಲೇನು?"

"ಇಲ್ಲೆ ಗಾಳಿ ಚಲೋ ಐತಿ," ಅಂದಳು ಅವರಲ್ಲೊಬ್ಬಳು. ಮಲಪ್ರಭೆಯ ಗಾಳಿ ಬೇಕಾಗಿದ್ದವಳು ಮೂಗಿಗೆ ಸೆರಗು ಮುಚ್ಚಿಕೊಂಡಿದ್ದಳು.

ಬೀಬಿಜಾನಳಿಗೆ ತಕ್ಷಣ ತಿಳಿಯಿತು. ಹಾಲು ಎಲ್ಲಿ ಅಳೆಯುತ್ತಾರೋ ಮತ ಅಲ್ಲಿಯದು. ಸರಸ್ವತಿಬಾಯಿ ಮೂರು ಮತ ಇಳಿಸಿದ್ದಾಳೆ. ತನ್ನದು ಒಂದು. ತಾನು ಸೋತರೆ ಆ ಕುರ್ಚಿಯಲ್ಲಿ ಕೂಡ್ರುವವಳು ಮೊದಲನೇ ಸಭೆಯಲ್ಲೇ ನಿಯಮ ತೆಗೆಸಿ ಗಾಡಿ ನಿಲ್ಲಿಸುತ್ತಾಳೆ. ಆದರೂ ಹಾಲು ತಂದವರನ್ನು ತಿರುಗಿ ಕಳಿಸುವುದು ಬೀಬಿಜಾನಳ ಗುಣವಲ್ಲ.

"ಅಳಿಯವ್ವಾ ಜಬೀನ. ಹಾಲು ಏನು ತಪ್ಪು ಮಾಡೈತಿ?" ಅಂದಳು.

ಮರುದಿನ ಕೆಳಗಿನ ಓಣಿಯಿಂದ ಐದು ಮಂದಿ ಬಂದರು. ಶಾಂಭವಿ ಅವರನ್ನು ತನ್ನ ಸ್ಕೂಟಿಯ ಮೇಲೆ ಒಬ್ಬೊಬ್ಬರನ್ನಾಗಿ ಸಾಗಿಸಿದ್ದಳು. ಅದರ ಮರುದಿನ ಮೇಲಿನ ಓಣಿಯವರು ಎಂಟು. ಹೀಗೆ ಇವರಿಗಿಂತ ಅವರು ಹೆಚ್ಚು, ಅವರಿಗಿಂತ ಇವರು ಹೆಚ್ಚು ಅನ್ನುತ್ತ ವಾರದೊಳಗೆ ಹಳೇ ಬಸರಿಗಟ್ಟಿಯಲ್ಲಿ ಮುಂಜಾನೆ ನಿಲ್ಲಲಿಕ್ಕೆ ಜಾಗ ಇಲ್ಲದಂತಾಯಿತು. ಕುಸಿದ ಗೋಡೆಗಳ ಮೇಲೆ ಕ್ಯಾನುಗಳ ಸಾಲು. ಹಾಲು ಕರೆಯುವುದು ಮೇಲೆ, ಅಳೆಯುವುದು ಕೆಳಗೆ. ಮೋಟರ್ ಸೈಕಲ್ಲಿಗೆ ಎರಡೂ ಬದಿ ಕ್ಯಾನು ಕಟ್ಟಿ ಗಂಡಸರು ಹಾಲು ಇಳಿಸುವರು, ಅದೇ ಹಾಲನ್ನು ಭೀಮೇಶ ಗಾಡಿಗೆ ಹಾಕಿಕೊಂಡು ಅವರವರ ಮನೆ ಮುಂದಿನಿಂದಲೇ ಮೇಲಕ್ಕೆ ಒಯ್ಯುವನು.

"ಈ ಹಾಲು ನನಗಿಂತ ಹೆಚ್ಚು ತಿರಗಾಕತ್ತೈತಿ," ಅಂತ ಭೀಮೇಶ ಸ್ಟೇರಿಂಗಿಗೆ ತಲೆ ಹಚ್ಚಿದ. "ಇಳೀತೈತಿ, ಏರತೈತಿ. ದಾರ್ಯಾಗ ಅರ್ಧ ಬೆಣ್ಣಿ ಆಗೂದೊಂದ ಬಾಕಿ."

ಹೆಂಗಸರಿಗೆ ಮೊದಮೊದಲು ಚುನಾವಣೆಯ ಕಾವು ಇತ್ತು. ಬರುಬರುತ್ತ ಹೊಳೆಯೇ ಹಿಡಿಸಿತು. ಸಂಕವ್ವ ಐದು ವರ್ಷದ ಸಿಟ್ಟು ಬಿಟ್ಟು ತನ್ನ ಬಿದ್ದ ಮನೆಯ ಒಲೆಕಲ್ಲು ಹುಡುಕಿ ಹೊರತೆಗೆದು, ಅದರ ಮೇಲೆ ಎಲ್ಲರಿಗೂ ಚಾ ಕಾಸಿದಳು. ಒಬ್ಬಾಕೆ ತನ್ನ ಎಮ್ಮೆಯನ್ನೂ ಹೊಡೆದುಕೊಂಡು ಬಂದಳು. ಅದು ಬೀಬಿಜಾನಳ ಎಮ್ಮೆಗಳ ಪಕ್ಕ ನೀರಿಗೆ ಇಳಿದು ಸುಖವಾಗಿ ಕಣ್ಣು ಮುಚ್ಚಿದ್ದೇ, ಎಳೆದರೂ ಏಳಲಿಲ್ಲ. ಯಾರೋ ನೀರು ಉಗ್ಗಿದರು, ಯಾರೋ ತಿರುಗಿ ಉಗ್ಗಿದರು. ಮೇಲಿನ ಓಣಿ ಯಾವುದು, ಕೆಳಗಿನ ಓಣಿ ಯಾವುದು ಗೊತ್ತಾಗದಂತೆ ಎಲ್ಲರೂ ತೊಯ್ದು ತೊಪ್ಪೆಯಾಗಿ ಮನೆಗೆ ಹೋದರು. ಅಂಗನವಾಡಿಯ ಬಾಯಾರು ದಂಡೆಯ ಮೇಲೆ ನಿಂತು, "ಏ, ನೀರಾಗ ಆಡಬ್ಯಾಡ್ರಿ, ನೆಗಡಿ ಆಗ್ತದ!" ಅಂತ ಕೂಗಿದರೆ, "ಹೌದ್ರಿ ಬಾಯಾರ," ಅಂತ ಐವತ್ತು ದಾಟಿದ ಹೆಂಗಸರು ಕೈ ಕಟ್ಟಿ ನಿಂತು, ಆಕೆ ತಿರುಗಿದ ಕೂಡಲೇ ಮತ್ತೆ ಉಗ್ಗಿದರು.

ಬೀಬಿಜಾನ ಎಲ್ಲರ ಜೊತೆ ನಕ್ಕಳು. ಆದರೆ ನಗುತ್ತಲೇ ಕ್ಯಾನು ಎಣಿಸುತ್ತಿದ್ದಳು. ಅಷ್ಟು ಮತದ ನಡುವೆ ತನ್ನ ಒಂದು ಮತ ಹೊಳೆಗೆ ಬಿದ್ದ ಹನಿ.

"ಭಟ್ಟಿ ಮಾರಿ ಮ್ಯಾಲ ಹೋಗೂನೇನು?" ಅಂದ ಗೌಸುಸಾಬ ಒಂದು ಸಂಜೆ. ಆತನ ದನಿಯಲ್ಲಿ ಮಸ್ಕರಿ ಇರಲಿಲ್ಲ.

"ತಡೀರಿ," ಅಂದಳು ಬೀಬಿಜಾನ. "ಇವರು ಎಲ್ಲಾರೂ ಇಲ್ಲಿ ಬಂದ್ರ, ಅಲ್ಲಿ ಯಾರದಾರ?"

ಗೌಸುಸಾಬ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ ಬೆರಳನ್ನು ನಿಲ್ಲಿಸಿದ. ಆಮೇಲೆ ಹೊಟ್ಟೆ ಹಿಡಿದು ನಗಲಿಕ್ಕೆ ಹತ್ತಿದ.

ಮತದಾರರ ಪಟ್ಟಿ ಓದುವ ದಿನ ನಮ್ರತಾ ಹೊಸ ಊರಿನ ಸಂಘದ ಕಟ್ಟೆಯ ಮೇಲೆ ಕುಳಿತಳು. ಎಲ್ಲರೂ ನೆರೆದಿದ್ದರು.

"ಕೆಳಗಿನ ಓಣಿ ಕ್ಷೇತ್ರ, ನಾಲ್ಕು ಸ್ಥಾನ," ಅಂತ ಓದಿದಳು. ಹಾಳಿ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು. "ಮತದಾರರು... ಯಾರೂ ಇಲ್ಲ."

ಶಾಂಭವಿ ಎದ್ದು ಬಂದು ಹಾಳಿಯೊಳಗೆ ಇಣುಕಿ ನೋಡಿದಳು.

"ಮೇಲಿನ ಓಣಿ ಕ್ಷೇತ್ರ, ನಾಲ್ಕು ಸ್ಥಾನ. ಮತದಾರರು ಒಬ್ಬರು. ಲಾಲಬಿ."

ಮೊಣಕಾಲು ನೋವಿಗೆ ದಿಬ್ಬ ಇಳಿಯಲಾಗದೆ ಲಾಲಬಿ ಒಬ್ಬಳೇ ತನ್ನ ಓಣಿಯಲ್ಲೇ ಹಾಲು ಅಳೆಯಿಸುತ್ತ ಉಳಿದಿದ್ದಳು. ಸುದ್ದಿ ತಿಳಿದ ಲಾಲಬಿ ಮಂಚದ ಮೇಲಿಂದಲೇ, "ನಾಲ್ಕು ಮಂದೀನ ನಾ ಒಬ್ಬಾಕಿನ ಆರಸ್ತೀನೇನು? ಜಿಲೇಬಿ ತರಾವರು ಯಾರು, ಮೊದಲ ಹೆಸರು ಹೇಳ್ರಿ!" ಅಂತ ಕೂಗಿದ್ದು ಕಟ್ಟೆಯ ತನಕ ಕೇಳಿಸಿತು.

"ಹಳೇ ಬಸರಿಗಟ್ಟಿ ಕ್ಷೇತ್ರ," ಅಂತ ಮುಂದೆ ಓದಿದ ನಮ್ರತಾಳ ದನಿ ನಡುಗುತ್ತಿತ್ತು, ತಡೆಹಿಡಿದ ನಗುವಿಗೆ. "ಒಂದು ಸ್ಥಾನ. ಮತದಾರರು, ಉಳಿದವರೆಲ್ಲಾ."

ಆಗಲೇ ಭೀಮೇಶ ಗಾಡಿ ನಿಲ್ಲಿಸಿ ಇಳಿದ. ಹಾಲು ಒಕ್ಕೂಟದ ಮೇಲಿನ ಆಫೀಸಿನವರು ಹೇಳಿ ಕಳಿಸಿದ್ದರು. ಹೊಸ ಊರಿನಲ್ಲಿ ಒಂದು ಕ್ಯಾನು ಹಾಲೂ ಇಲ್ಲ, ಹಳೇ ಊರಿನಲ್ಲಿ ಗಾಡಿ ತುಂಬ ಹಾಲು. ಇನ್ನು ಮುಂದೆ ಗಾಡಿ ಹೊಸ ಊರಲ್ಲಿ ನಿಲ್ಲುವುದು ಬೇಡ, ಸೀದಾ ಹೊಳೆಗೇ ಹೋಗಲಿ.

"ಅಂದ್ರ, ನಾವು ಕಾಯಂ ಇಳೀಬೇಕೇನು?" ಅಂತ ಒಬ್ಬಾಕೆ ಕೇಳಿದಳು.

"ಮಳಿಗಾಲದಾಗೂ," ಅಂದ ಭೀಮೇಶ, ಖುಷಿಯಿಂದ.

ಕಟ್ಟೆಯ ಮುಂದೆ ಹುಯಿಲೆದ್ದಿತು. ಇಳಿಸಿದವರು ಯಾರು, ಮೊದಲು ಇಳಿದವರು ಯಾರು ಅಂತ ಸರಸ್ವತಿಬಾಯಿಯೂ ಶಾಂಭವಿಯೂ ಒಬ್ಬರಿಗೊಬ್ಬರು ಬೆರಳು ತೋರಿಸಿದರು. ನಮ್ರತಾ ಮೇಜು ಕುಟ್ಟಿ ನಿಯಮ ಹೇಳಿದಳು. ಪಟ್ಟಿಗೆ ತಕರಾರು ಇದ್ದರೆ ವಾರದೊಳಗೆ ಹೇಳಬಹುದು. ತಕರಾರು ಸರಿ ಅಂತ ಕಂಡರೆ ಆ ಹೆಸರು ತಿರುಗಿ ತನ್ನ ಹಿಂದಿನ ಕ್ಷೇತ್ರಕ್ಕೆ ಹೋಗುತ್ತದೆ, ಗಾಡಿಯ ವಿಷಯವನ್ನೂ ಆಕೆ ಮೇಲಿನವರಿಗೆ ತಿಳಿಸುತ್ತಾಳೆ. ಆದರೆ ಹಳೇ ಬಸರಿಗಟ್ಟಿ ಪಟ್ಟಿಯ ಮೇಲೆ ತಕರಾರು ಮಾಡಬೇಕಾದವರು ಅಲ್ಲಿಯ ಹಳೇ ಮತದಾರರೇ.

ಎಲ್ಲರೂ ತಿರುಗಿ ಬೀಬಿಜಾನಳನ್ನು ನೋಡಿದರು. ಬೀಬಿಜಾನ ಸೆರಗು ಸರಿಮಾಡಿಕೊಂಡು, "ನಮ್ಮ ಎಮ್ಮಿ ಹೊಳ್ಯಾಗ ಅದಾವ್ರಿ, ಹೊತ್ತಾತು," ಅಂತ ಎದ್ದು ನಡೆದಳು.

ಮರುದಿನ ಮುಂಜಾನೆ ಆಕೆಯ ಅಂಗಳದಲ್ಲಿ ಜನವೋ ಜನ.

"ಬೀಬವ್ವಾ, ನನ್ನ ಮ್ಯಾಲೆ ತಕರಾರ ಮಾಡವ್ವಾ!"

"ಏ, ನಾ ಮೊದಲ ಬಂದೀನಿ. ನನ್ನ ಮ್ಯಾಲೆ ಮಾಡು. ನಾ ಖೊಟ್ಟಿ ಮತದಾರಳು ಅಂತ ಸ್ವಚ್ಛ ಹೇಳು, ಸಂಕೋಚ ಬ್ಯಾಡ."

"ನಾ ಇಕಿಗಿಂತ ಖೊಟ್ಟಿ!"

ತಮ್ಮ ಮೇಲೆ ದೂರು ಹೇಳಿಸಿಕೊಳ್ಳಲಿಕ್ಕೆ ಪಾಳಿ ಹಚ್ಚಿದ ಮಂದಿಯನ್ನು ಗೌಸುಸಾಬ ಜನ್ಮದಲ್ಲಿ ನೋಡಿರಲಿಲ್ಲ. ಇಟ್ಟಿಗೆ ಸಾಲಿನ ಮೇಲೆ ಕುಳಿತು, ಸಿನಿಮಾ ನೋಡುವವನ ಹಾಗೆ ಶೇಂಗಾ ಬಿಡಿಸಿ ತಿಂದ.

ಕಡೆಗೆ ಸರಸ್ವತಿಬಾಯಿ, ಶಾಂಭವಿ ಇಬ್ಬರೂ ಒಂದೇ ಸ್ಕೂಟಿಯ ಮೇಲೆ ಬಂದಿಳಿದರು. ಸರಸ್ವತಿಬಾಯಿ ಹಿಂದಿನ ಸೀಟಿನಿಂದ ಇಳಿಯುವಾಗಲೂ, "ಎಷ್ಟು ಜೋರು ಹೊಡೀತೀ, ಜೀವ ಹಾರಿಸ್ತೀಯೇನು," ಅಂತ ಬೈಯುತ್ತಲೇ ಇದ್ದಳು. ಬೀಬಿಜಾನ ಇಬ್ಬರಿಗೂ ಚಾಪೆ ಹಾಸಿ, ನೀರು ಕೊಟ್ಟು, ಚಾ ಕೊಟ್ಟು, ಉಳಿದ ಮಾದಲಿಯನ್ನೂ ಮುಂದಿಟ್ಟಳು.

"ಏನು ಬೇಕು ಹೇಳು," ಅಂದಳು ಸರಸ್ವತಿಬಾಯಿ.

"ಮೊದಲ ಹೇಳಿದ್ದ ಬಾಯಾರ. ಈ ಬೇವಿನ ಗಿಡದ ಬುಡಕ ಗಾಡಿ ಕಾಯಂ ಬರಬೇಕು. ನಿರ್ದೇಶಕಿ ಇದ್ದರೂ, ಇಲ್ಲದಿದ್ದರೂ. ನಿಯಮದಾಗ ಬರೀರಿ."

"ಬರೀತೀವಿ," ಅಂದಳು ಶಾಂಭವಿ. "ಆದ್ರ ನಿನ್ನ ಕೈ ಯಾರ ಕಡೆ ಏಳತೈತಿ ಬೀಬವ್ವಾ? ಅದನ್ನ ಹೇಳಿಬಿಡು."

"ಇಬ್ಬರ ಕಡೇನೂ. ಆ ನಡುಗಡ್ಡಿ ಮಂದಿ ಮಾಡಿದಂಗ ಪಾಳಿ ಮಾಡ್ರಿ. ಅರ್ಧ ಅವಧಿ ಒಬ್ಬರು, ಅರ್ಧ ಅವಧಿ ಒಬ್ಬರು."

ಇಬ್ಬರೂ ಒಪ್ಪಿದರು. ಒಪ್ಪಿದ ಮರುಗಳಿಗೆಯೇ, "ಮೊದಲನೇ ಪಾಳಿ ನನ್ನದು," "ಹ್ಯಾಂಗ? ವಯಸ್ಸಿಗೆ ದೊಡ್ಡಾಕಿ ನಾ," ಅಂತ ಶುರುವಾಯಿತು. ಬೀಬಿಜಾನ ಚಾ ಬಟ್ಟಲು ಎತ್ತಿಕೊಳ್ಳುತ್ತ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು:

"ಮೊದಲ ಕುಂತಾಕಿನ ಈ ವರ್ಷದ ದೊಡ್ಡ ಸಭಾ ನಡಸಬೇಕು. ಹಾಲಿನ ಬೋನಸ್ ಈ ಸಲ ಯಾಕ ಇಲ್ಲ ಅಂತ ಮಂದಿ ಕೇಳಾವರು. ಈ ಸುತ್ತಾಟದ ಡೀಸೆಲ್ ಯಾರ ಲೆಕ್ಕಕ್ಕಂತನೂ ಕೇಳಾವರು."



"ವಯಸ್ಸಿಗೆ ದೊಡ್ಡವರು ನೀವ ರೀ ಬಾಯಾರ. ಮೊದಲ ನೀವ ಕುಂಡ್ರಿ," ಅಂದಳು ಶಾಂಭವಿ, ಎಂದೂ ಇಲ್ಲದ ಮರ್ಯಾದೆಯಿಂದ.

"ಇಲ್ಲವಾ, ಹೊಸಬರು ಮುಂದ ಬರಬೇಕು. ನಾ ಹಿಂದಿಂದ ಆಶೀರ್ವಾದ ಮಾಡ್ತೀನಿ."

ಚೀಟಿ ಎತ್ತಬೇಕಾಯಿತು. ಶಾಂಭವಿಯ ಹೆಸರು ಬಂತು. ಸರಸ್ವತಿಬಾಯಿ ಮಾದಲಿಯನ್ನು ಎರಡನೇ ಸಲ ಹಾಕಿಸಿಕೊಂಡಳು. ಆಮೇಲೆ ಬೀಬಿಜಾನ ಅಂಗಳದ ಕಡೆ ತಿರುಗಿ, "ಬರ್ರೆವ್ವಾ, ಒಬ್ಬೊಬ್ಬರ ಬರ್ರಿ. ತಕರಾರು ಮಾಡ್ತೀನಿ," ಅಂದಳು.

ಹೀಗೆ ಎಲ್ಲರೂ ತಮ್ಮ ತಮ್ಮ ಕ್ಷೇತ್ರಕ್ಕೆ ಏರಿದರು. ಲಾಲಬಿ ಒಬ್ಬಳಿಗೇ ಬಹಳ ಬೇಜಾರಾಯಿತು. ಜಿಲೇಬಿ ಅಷ್ಟರಲ್ಲಿ ಬಂದು ಮುಟ್ಟಿದ್ದರಿಂದ ಸಮಾಧಾನ ಮಾಡಿಕೊಂಡಳು.

ಚುನಾವಣೆಯ ದಿನಕ್ಕೆ, ತಕರಾರಿಗೆ ಮೊದಲಿನ ಉದ್ದ ಪಟ್ಟಿ ನೋಡಿ ಹೇಳಿದ್ದ ಶಾಮಿಯಾನಾ, ಐವತ್ತು ಕುರ್ಚಿ, ಮೈಕು ಎಲ್ಲ ಬಂದವು. ಬೇಡ ಅಂದರೆ ಮುಂಗಡ ತಿರುಗಿ ಬರುವುದಿಲ್ಲ ಅಂದಿದ್ದರು. ಎರಡೂ ಓಣಿಯವರು ನೋಡಲಿಕ್ಕೆ ಬಂದರು. ನಮ್ರತಾ ಹಗ್ಗ ಕಟ್ಟಿಸಿ, ಮತದಾರರಲ್ಲದವರು ಒಳಗೆ ಬರಬಾರದು ಅಂದಳು. ಐವತ್ತು ಖಾಲಿ ಕುರ್ಚಿಗಳ ನಡುವೆ ಬೀಬಿಜಾನ ಒಬ್ಬಳೇ ಹೋಗಿ ಕುಳಿತಳು. ಮೊದಲು ಹಿಂದಿನ ಸಾಲಲ್ಲಿ ಕುಳಿತಿದ್ದಳು. "ಮುಂದ ಬರ್ರಿ, ಮುಂದ ಜಾಗ ಅದ," ಅಂತ ನಮ್ರತಾ ಮೈಕಿನಲ್ಲಿ ಕರೆಯಬೇಕಾಯಿತು.

"ಸಭಾಧ್ಯಕ್ಷರನ್ನ ಆರಿಸಬೇಕು."

"ನಾನ," ಅಂದಳು ಬೀಬಿಜಾನ. ಕುರ್ಚಿ ಬಿಟ್ಟು ವೇದಿಕೆಯ ಕುರ್ಚಿಗೆ ಹೋದಳು.

"ಹಾಜರಿ ಕರೀರಿ."

ಬೀಬಿಜಾನ ಮೈಕು ಹಿಡಿದು, "ಬೀಬಿಜಾನ ಗೌಸುಸಾಬ ನದಾಫ!" ಅಂತ ಕರೆದಳು. ವೇದಿಕೆ ಇಳಿದು ತನ್ನ ಮೊದಲಿನ ಕುರ್ಚಿಗೆ ಬಂದು ನಿಂತು, "ಹಾಜರ್ ಅದೀನ್ರಿ!" ಅಂದಳು. ಹಗ್ಗದಾಚೆ ಊರಿಗೆ ಊರೇ ಉರುಳಿ ಬಿತ್ತು.

"ಮ್ಯಾಲಿಂದನ ಹಾಜರ್ ಅಂದ್ರ ನಡೀತದ್ರಿ ಅವ್ವಾರ," ಅಂದಳು ನಮ್ರತಾ, ಕಣ್ಣೊರೆಸಿಕೊಳ್ಳುತ್ತ.

"ಇಲ್ರಿ, ಸಭಾಧ್ಯಕ್ಷರ ಕುರ್ಚಿ ಮ್ಯಾಲ ಕುಂತು ಹಾಜರಿ ಹೇಳೂದು ಚಲೋ ಅಲ್ಲ."

ಹೀಗೆ ಆಕೆ ಹತ್ತಿ ಇಳಿದು ಹೆಸರು ಸೂಚಿಸಿದಳು, ಹತ್ತಿ ಇಳಿದು ಅನುಮೋದಿಸಿದಳು. "ಪರವಾಗಿ ಇದ್ದವರು ಕೈ ಎತ್ತರಿ," ಅಂತ ಮೇಲಿಂದ ಕೇಳಿ, ಕೆಳಗೆ ಬಂದು ಎತ್ತಿದಳು. "ವಿರೋಧ ಇದ್ದವರು?" ಅಂತ ಕೇಳಿ, ಐವತ್ತು ಕುರ್ಚಿಗಳನ್ನು ಒಂದು ಕಡೆಯಿಂದ ನಿಧಾನ ನೋಡಿ, "ಯಾರೂ ಇಲ್ಲ," ಅಂದಳು. ಮೈಕಿನವನು ಮಿರ್ಚಿ ಬಿಟ್ಟು ಚಪ್ಪಾಳೆ ಹೊಡೆದ. ಗೌಸುಸಾಬ ಹಗ್ಗದ ಕೆಳಗಿನಿಂದ ನುಸುಳಿ ಬಂದು ಹೆಂಡತಿಗೆ ಚೆಂಡುಹೂವಿನ ಹಾರ ಹಾಕಿದ. ಹಾರ ಹಾಕುವವರು ಮತದಾರರಾಗಿರಬೇಕು ಅಂತ ನಿಯಮ ಇರಲಿಲ್ಲ.

ಹೊಸ ಮಂಡಳಿಯ ಮೊದಲನೇ ಸಭೆಯಲ್ಲಿ ಶಾಂಭವಿ ಅಧ್ಯಕ್ಷೆಯಾದಳು. ಬೇವಿನ ಮರದ ತನಕ ಗಾಡಿ ಕಾಯಂ ಬರಬೇಕು ಅನ್ನುವ ಠರಾವಿಗೆ ಒಂಬತ್ತೂ ಕೈ ಎದ್ದವು. ಅದು ಮುಗಿದ ಮೇಲೆ ಬೀಬಿಜಾನ ತಾನಾಗಿ ಇನ್ನೊಂದು ಠರಾವು ಇಟ್ಟಳು: ಈ ಅವಧಿ ಮುಗಿದ ಕೂಡಲೇ ಹಳೇ ಬಸರಿಗಟ್ಟಿ ಕ್ಷೇತ್ರವನ್ನು ತೆಗೆದು ಕೆಳಗಿನ ಓಣಿಗೆ ಸೇರಿಸಬೇಕು.

"ಯಾಕ? ನಿನ್ನ ಕುರ್ಚಿ ಅದು!" ಅಂದಳು ಸರಸ್ವತಿಬಾಯಿ.

"ಅದು ಇರೂತನಕ ಐದ ವರ್ಷಕ್ಕೊಮ್ಮೆ ನಿಮಗ ಹುಚ್ಚ ಹಿಡೀತೈತ್ರಿ ಬಾಯಾರ. ಗಾಡಿ ಬಂತು, ಸಾಕು. ಇನ್ನ ನಾ ಹತ್ತಿ ಇಳಿಯಾಕ ಆಗೂದಿಲ್ಲ, ಲಾಲಬಿಯಕ್ಕನಂಗ ನನ್ನ ಮೊಣಕಾಲೂ ಹೊಕ್ಕಾವ."

ಅದೂ ಪಾಸಾಯಿತು. ಅಲ್ಲಿಗೆ ಹಳೇ ಬಸರಿಗಟ್ಟಿ ಕ್ಷೇತ್ರದ ಚುನಾವಣೆಗಳ ಕಥೆ ಮುಗಿಯಿತು: ನಾಲ್ಕು ಚುನಾವಣೆ, ಇಬ್ಬರು ನಿರ್ದೇಶಕಿಯರು. ಸಂಘಕ್ಕೆ ಮೂರು ಸಾವಿರದ ಮುನ್ನೂರು ರೂಪಾಯಿ ಹೋಯಿತು, ಡೀಸೆಲ್ ಬೇರೆ. ಬೀಬಿಜಾನ ಒಂದು ಕುರ್ಚಿ ಕಳೆದುಕೊಂಡಳು. ಗಾಡಿ ಉಳಿಯಿತು, ನಾಲ್ಕು ಎಮ್ಮೆ ಉಳಿದವು, ಭಟ್ಟಿ ಉಳಿಯಿತು. ಸಂಕವ್ವ ತನ್ನ ಒಲೆಕಲ್ಲಿನ ಮೇಲೆ ಈಗಲೂ ಮುಂಜಾನೆ ಚಾ ಕಾಸಲು ಇಳಿದು ಬರುತ್ತಾಳೆ.